113 ಬರದಿದ್ದರೆ ಮುಳುಗುವುದೇನು?

ಹೋದ ಜೂನ್‌ನಲ್ಲಿ ಅಣ್ಣನ ಮಗಳನ್ನು ಕರೆದುಕೊಂಡು ಲಿಂಗಸುಗೂರಿನ ಎಸಿ ಆಫೀಸಿಗೆ ಹೋಗಿದ್ದೆ. ಅವಳಿಗೆ 371ಜೆ ಸರ್ಟಿಫಿಕೇಟ್ ಬೇಕಿತ್ತು, ಅಂದರೆ ನಮ್ಮ ಭಾಗದ ಮಕ್ಕಳಿಗೆ ಕಾಲೇಜು ಸೀಟಿನಲ್ಲಿ ಮೀಸಲಾತಿ ಕೊಡಿಸುವ ಕಾಗದ. ನಮ್ಮ ಕಡೆ ಪಿಯುಸಿ ಮುಗಿಸಿದ ಮಕ್ಕಳಿರುವ ಮನೆಗಳಲ್ಲಿ ಈ ಕಾಗದದ ಹೆಸರು ಗೊತ್ತಿಲ್ಲದವರಿಲ್ಲ. ಕೆಲವರು ಈಗಲೂ ಎಚ್‌ಕೆ (ಹೈದರಾಬಾದ್ ಕರ್ನಾಟಕ) ಸರ್ಟಿಫಿಕೇಟ್ ಅಂತಲೇ ಕರೆಯುತ್ತಾರೆ.

ಸಾಲಿನಲ್ಲಿ ನನ್ನ ಮುಂದೆ ಮಸ್ಕಿ ತಾಲ್ಲೂಕಿನ ರೈತರೊಬ್ಬರು ನಿಂತಿದ್ದರು. ಮಗನ ದಾಖಲೆಗಳನ್ನೆಲ್ಲ ಗೊಬ್ಬರದ ಅಂಗಡಿಯ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡಿದ್ದರು. ಸಾಲು ಸರಿಯುತ್ತಿರಲಿಲ್ಲ. ಮಳೆಯಿಂದ ಶುರುವಾದ ಮಾತು ನಾಲೆಗೆ ಬಂತು, ನಾಲೆಯಿಂದ ಮಂತ್ರಿಗಳಿಗೆ. ಕೊನೆಗೆ ಅವರು ಅಂದರು: "ಏನರ ಆಗ್ಲಿ ಸರ, ಒಂದ ಪಾರ್ಟಿಗೆ ಪೂರ್ತಿ ಮೆಜಾರಿಟಿ ಬರಬೇಕ್ರಿ. ಇಲ್ಲಂದ್ರ ಇವರೆಲ್ಲ ಹರಾಜಿಗೆ ಕುಂತಬಿಡ್ತಾರ."

ಹರಾಜಿನ ಮಾತು ನಿಜ. ರಾಯಚೂರು, ಕೊಪ್ಪಳ, ಬಳ್ಳಾರಿ, ನಮ್ಮ ಈ ಮೂರು ಜಿಲ್ಲೆಯವರು ಅದನ್ನು ಕಣ್ಣಾರೆ ಕಂಡಿದ್ದೇವೆ. ಆದರೆ ಪೂರ್ತಿ ಮೆಜಾರಿಟಿ, ಅಂದರೆ ವಿಧಾನಸಭೆಯ 224ರಲ್ಲಿ 113, ಇಲ್ಲದಿದ್ದರೆ ಕೆಲಸವೇ ಆಗುವುದಿಲ್ಲ ಎಂಬುದರ ಬಗ್ಗೆ ನನಗೆ ತಕರಾರಿದೆ. ನಾವಿಬ್ಬರೂ ಆ ಬಿಸಿಲಲ್ಲಿ ಯಾವ ಕಾಗದಕ್ಕಾಗಿ ನಿಂತಿದ್ದೆವೋ, ಅದಕ್ಕೆ ದಾರಿ ಮಾಡಿದ್ದು ಬಹುಮತ ಇಲ್ಲದ ಒಂದು ಸರ್ಕಾರ.

2012ರ ಸೆಪ್ಟೆಂಬರ್‌ನಲ್ಲಿ ತೃಣಮೂಲ ಕಾಂಗ್ರೆಸ್ ಮನಮೋಹನ್ ಸಿಂಗ್ ಸರ್ಕಾರದಿಂದ ಹೊರಬಿತ್ತು. ಆಮೇಲೆ ಆ ಸರ್ಕಾರ ನಡೆದದ್ದು ಸಮಾಜವಾದಿ ಪಕ್ಷ, ಬಿಎಸ್‌ಪಿಗಳ ಹೊರಗಿನ ಬೆಂಬಲದ ಮೇಲೆ. ಡಿಸೆಂಬರ್ 5ರಂದು ಚಿಲ್ಲರೆ ವ್ಯಾಪಾರದಲ್ಲಿ ವಿದೇಶಿ ಬಂಡವಾಳದ ವಿಷಯ ಲೋಕಸಭೆಯಲ್ಲಿ ಮತಕ್ಕೆ ಬಂದಾಗ ಸರ್ಕಾರದ ಕಡೆ ಬಿದ್ದ ಮತ 253. ಪೂರ್ತಿ ಸದನದ ಲೆಕ್ಕದಲ್ಲಿ ಬಹುಮತಕ್ಕೆ ಬೇಕಾದದ್ದು 272. ಆದರೂ ಸರ್ಕಾರ ಗೆದ್ದಿತು. ಎಸ್‌ಪಿ, ಬಿಎಸ್‌ಪಿಯವರು ಎದ್ದು ಹೊರಗೆ ಹೋದರು, ಎದುರು ಬಿದ್ದದ್ದು 218 ಮಾತ್ರ. ಅದೇ ತಿಂಗಳು ಸಂವಿಧಾನದ 98ನೇ ತಿದ್ದುಪಡಿ ಸಂಸತ್ತಿನಲ್ಲಿ ಪಾಸಾಯಿತು. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿಗೆ 371ಜೆ ಬಂತು. ಇಲ್ಲಿನ ಕಾಲೇಜುಗಳಲ್ಲಿ ನಮ್ಮ ಮಕ್ಕಳಿಗೆ 70 ಪರ್ಸೆಂಟ್ ಸೀಟು, ಹೊರಗಡೆ 8 ಪರ್ಸೆಂಟ್ ಸಿಕ್ಕಿದ್ದು ಅದರಿಂದ.

ಇಲ್ಲಿ ಒಂದು ಮಾತು ಒಪ್ಪಿಕೊಳ್ಳಬೇಕು. ಅಲ್ಪಮತ ಇದ್ದದ್ದರಿಂದಲೇ 371ಜೆ ಬಂತು ಅಂತ ನಾನು ಹೇಳುತ್ತಿಲ್ಲ. ಅದರ ಹಿಂದೆ ದಶಕಗಳ ಹೋರಾಟ ಇತ್ತು. ಕರ್ನಾಟಕದಲ್ಲಿ ಚುನಾವಣೆಯೂ ಹತ್ತಿರ ಬಂದಿತ್ತು. ಸಂವಿಧಾನ ತಿದ್ದಲು ಮೂರನೇ ಎರಡರಷ್ಟು ಮತ ಬೇಕು, ಹಾಗಾಗಿ ಯಾರೇ ಇದ್ದರೂ ವಿರೋಧ ಪಕ್ಷದ ಬಾಗಿಲು ತಟ್ಟಲೇಬೇಕಿತ್ತು. ನಾನು ಹೇಳುವುದು ಇಷ್ಟೇ: ಬಹುಮತ ಇಲ್ಲ ಎಂಬ ಕಾರಣಕ್ಕೆ ಆ ಕೆಲಸ ನಿಲ್ಲಲಿಲ್ಲ.

ಅಲ್ಪಮತ ಅಂದರೆ ಯಾವುದು

ಟಿವಿ ಚರ್ಚೆಗಳಲ್ಲಿ ಸಮ್ಮಿಶ್ರ ಸರ್ಕಾರವನ್ನೂ ಅಲ್ಪಮತ ಸರ್ಕಾರವನ್ನೂ ಒಂದೇ ಗಂಟಿಗೆ ಕಟ್ಟುತ್ತಾರೆ. ಎರಡೂ ಬೇರೆ. 2024ರಲ್ಲಿ ಬಿಜೆಪಿಗೆ ಬಂದದ್ದು 240. ಆದರೆ ಮಿತ್ರರನ್ನೆಲ್ಲ ಸೇರಿಸಿದರೆ 293. ಅದು ಬಹುಮತ ಇರುವ ಸಮ್ಮಿಶ್ರ ಸರ್ಕಾರ. ಮಂತ್ರಿಮಂಡಲದಲ್ಲಿ ಕೂತ ಪಕ್ಷಗಳ ತಲೆಗಳನ್ನೆಲ್ಲ ಎಣಿಸಿದರೂ ಅರ್ಧ ದಾಟದಿದ್ದರೆ ಅದು ಅಲ್ಪಮತ ಸರ್ಕಾರ. ಉಳಿದ ಮತ ಹೊರಗಿನಿಂದ ಬರಬೇಕು. ಒಂದೇ ಪಕ್ಷ ಪ್ರತಿಸಲ ಕೊಡಬಹುದು, ಒಂದೊಂದು ಮಸೂದೆಗೆ ಒಬ್ಬೊಬ್ಬರು ಕೊಡಬಹುದು.

ಸರ್ಕಾರಕ್ಕೆ ಇಂತಿಷ್ಟು ಶಾಸಕರು ಇರಲೇಬೇಕು ಅಂತ ಸಂವಿಧಾನ ಎಲ್ಲೂ ಬರೆದಿಲ್ಲ. ಮಂತ್ರಿಮಂಡಲ ವಿಧಾನಸಭೆಗೆ ಒಟ್ಟಾಗಿ ಹೊಣೆ ಅಂತ 164ನೇ ವಿಧಿ ಹೇಳುತ್ತದೆ. ಸದನದಲ್ಲಿ ಹಾಜರಿದ್ದು ಮತ ಹಾಕಿದವರ ಪೈಕಿ ಜಾಸ್ತಿ ಯಾರ ಕಡೆಯೋ ಅವರ ಮಾತು ನಡೆಯುತ್ತದೆ ಅಂತ 189ನೇ ವಿಧಿ ಹೇಳುತ್ತದೆ. 224ರಲ್ಲಿ ಇಪ್ಪತ್ತು ಜನ ಮತ ಹಾಕದೆ ಕೂತರೆ 103 ಸಾಕು. ಆದರೂ ಚುನಾವಣೆಯ ದಿನ ಟಿವಿ ಪರದೆಯ ಮೇಲೆ 113ಕ್ಕೆ ಗೆರೆ ಎಳೆದು, ಆ ಗೆರೆ ದಾಟದವರೆಲ್ಲ ಸೋತರು ಎಂಬ ಹಾಗೆ ತೋರಿಸುತ್ತಾರೆ. ಸರ್ಕಾರದ ಬಲ ಪರೀಕ್ಷೆ ರಾಜಭವನದಲ್ಲಿ ಅಲ್ಲ, ಸದನದೊಳಗೇ ಆಗಬೇಕು ಅಂತ ಸುಪ್ರೀಂ ಕೋರ್ಟ್ 1994ರಲ್ಲಿ ಹೇಳಿತು. ನಮ್ಮವರೇ ಆದ ಎಸ್.ಆರ್. ಬೊಮ್ಮಾಯಿ ಅವರ ಪ್ರಕರಣ ಅದು.

ತುಂಗಭದ್ರೆಯ ನೀರಿನ ಸಭೆ ನೋಡಿದವರಿಗೆ ಇದನ್ನೆಲ್ಲ ಬಿಡಿಸಿ ಹೇಳಬೇಕಿಲ್ಲ. ಐಸಿಸಿ (ನೀರಾವರಿ ಸಲಹಾ ಸಮಿತಿ) ಸಭೆ ಮುನಿರಾಬಾದಿನಲ್ಲಿ ಆಗಲಿ ಬೆಂಗಳೂರಿನಲ್ಲಿ ಆಗಲಿ, ಅಲ್ಲಿ ಯಾರಿಗೂ ಬಹುಮತ ಇರುವುದಿಲ್ಲ. ಗಂಗಾವತಿ, ಕಾರಟಗಿ ಕಡೆಯವರಿಗೆ ಭತ್ತಕ್ಕೆ ಏಪ್ರಿಲ್‌ವರೆಗೆ ನೀರು ಬೇಕು. ಮಾನ್ವಿ, ಸಿರವಾರದ ಕೊನೆ ಭಾಗದವರಿಗೆ ಮೊದಲು ನೀರು ಮುಟ್ಟಬೇಕು, ಆಮೇಲೆ ಮಿಕ್ಕ ಮಾತು. ಬಳ್ಳಾರಿ ಕಡೆಯವರದ್ದು ಎಚ್‌ಎಲ್‌ಸಿ (ಮೇಲ್ಮಟ್ಟದ ಕಾಲುವೆ) ಚಿಂತೆ. ಡ್ಯಾಮಿನಲ್ಲಿ ಇರುವುದು ಎಷ್ಟೋ ಅಷ್ಟೇ. ಕಟ್ಟುವಾಗ 133 ಟಿಎಂಸಿ ಹಿಡಿಯುತ್ತಿದ್ದದ್ದು ಹೂಳು ತುಂಬಿ 105ರ ಆಸುಪಾಸಿಗೆ ಇಳಿದಿದೆ. ಕೂಗಾಡುತ್ತಾರೆ, ಎದ್ದು ಹೋಗುತ್ತೇವೆ ಅನ್ನುತ್ತಾರೆ, ಚಹಾ ಬರುತ್ತದೆ, ಮತ್ತೆ ಕೂರುತ್ತಾರೆ. ಕೊನೆಗೆ ಇಷ್ಟು ದಿನ ಆನ್, ಇಷ್ಟು ದಿನ ಆಫ್ ಅಂತ ಒಂದು ಲೆಕ್ಕ ಹೊರಬೀಳುತ್ತದೆ. ಯಾರಿಗೂ ಪೂರ್ತಿ ಖುಷಿ ಇರುವುದಿಲ್ಲ. ಆದರೆ ಮೇಲ್ಭಾಗದವರ ಕೈಗೇ ಪೂರ್ತಿ ಬಹುಮತ ಕೊಟ್ಟು ನೋಡಿ, ಕೊನೆ ಭಾಗಕ್ಕೆ ಏನು ಉಳಿಯುತ್ತದೆ ಅಂತ!

ನಮ್ಮ ಜಿಲ್ಲೆಗಳು ರಾಜ್ಯದ ರಾಜಕೀಯದಲ್ಲಿ ಕೊನೆ ಭಾಗದಲ್ಲೇ ಇವೆ. ಬೆಂಗಳೂರಿನಲ್ಲಿ 140 ಸೀಟು ಇರುವವರಿಗೆ ರಾಯಚೂರಿನ ನಾಲ್ಕು ಸೀಟಿನ ಹಂಗಿಲ್ಲ. 105 ಇರುವವರಿಗೆ ಇದೆ.

95 ಸೀಟಿನ ಕಥೆ

ಅಲ್ಪಮತ ಸರ್ಕಾರಕ್ಕೆ ದೊಡ್ಡ ಕೆಲಸ ಆಗುವುದಿಲ್ಲ ಅನ್ನುವವರಿಗೆ ನಾನು ಹೇಳುವ ಮೊದಲ ಉದಾಹರಣೆ ನಮ್ಮದೇ ರಾಜ್ಯದ್ದು. 1983ರ ಜನವರಿಯಲ್ಲಿ ಜನತಾ ಪಕ್ಷಕ್ಕೆ ಬಂದದ್ದು 95 ಸೀಟು, ಕಾಂಗ್ರೆಸ್ಸಿಗೆ 82. ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿಯಾದರು. 18 ಸೀಟಿನ ಬಿಜೆಪಿ ಹೊರಗಿನಿಂದ ಬೆಂಬಲ ಕೊಟ್ಟಿತು, ಎಡಪಕ್ಷಗಳೂ ಕೊಟ್ಟವು. ಒಂದು ಕಡೆ ಬಿಜೆಪಿ, ಇನ್ನೊಂದು ಕಡೆ ಕಮ್ಯುನಿಸ್ಟರು. ಇವತ್ತಿನ ಕಣ್ಣಿಗೆ ಇದು ಆಗದ ಮಾತು ಅನಿಸುತ್ತದೆ, ಅಲ್ವಾ?

ಆ ಎರಡು ವರ್ಷದಲ್ಲಿ ರೂಪುಗೊಂಡದ್ದು ಏನು ನೋಡಿ. ಒಂದು, ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳ 1983ರ ಕಾಯ್ದೆ. ಹೆಂಗಸರಿಗೆ ಕಾಲು ಭಾಗ ಸೀಟು ಮೀಸಲಿಟ್ಟ ಕಾಯ್ದೆ ಅದು. ಅದರ ಹಿಂದೆ ಇದ್ದವರು ಗ್ರಾಮೀಣಾಭಿವೃದ್ಧಿ ಮಂತ್ರಿ ಅಬ್ದುಲ್ ನಜೀರ್ ಸಾಬ್. ನಮ್ಮ ಕಡೆಯ ಹಿರಿಯರಿಗೆ ಅವರು ಕಾಯ್ದೆಯಿಂದ ನೆನಪಿಲ್ಲ, ಬೋರಿಂಗಿನಿಂದ ನೆನಪು. ಊರೂರಿಗೆ ಬೋರ್‌ವೆಲ್ ಹಾಕಿಸಿ 'ನೀರ್ ಸಾಬ್' ಅಂತ ಹೆಸರಾದರು. ಇನ್ನೊಂದು, 1984ರ ಲೋಕಾಯುಕ್ತ ಕಾಯ್ದೆ. ಅಧಿಕಾರದಲ್ಲಿ ಇರುವವರೇ ತಮ್ಮ ಮೇಲೆ ಕಾವಲು ಕೂರಿಸಿಕೊಳ್ಳುವ ಕಾನೂನು.

95 ಜನರ ಸರ್ಕಾರಕ್ಕೆ ಇಂಥ ಧೈರ್ಯ ಎಲ್ಲಿಂದ ಬಂತು? ನನಗೆ ಅನಿಸುವುದು ಇದು. ವಿಧಾನಸೌಧದಲ್ಲಿ ನೆಲ ಗಟ್ಟಿ ಇಲ್ಲದವರಿಗೆ ಹೊರಗಡೆ ನೆಲ ಬೇಕಾಗುತ್ತದೆ. ಹೆಗಡೆ ಸರ್ಕಾರ ಅದನ್ನು ಹಳ್ಳಿಯಲ್ಲಿ ಹುಡುಕಿತು. ಲೋಕಾಯುಕ್ತದ ಮಾತು ಇನ್ನೂ ಸರಳ: ಪೂರ್ತಿ ಬಹುಮತ ಇರುವವರು ತಮಗೆ ತಾವೇ ಮೂಗುದಾರ ಹಾಕಿಕೊಳ್ಳುವುದು ಕಡಿಮೆ.

1984ರ ಕೊನೆಯ ಲೋಕಸಭಾ ಚುನಾವಣೆಯಲ್ಲಿ ಕಾಂಗ್ರೆಸ್ ರಾಜ್ಯದ 28ರಲ್ಲಿ 24 ಗೆದ್ದಾಗ ಹೆಗಡೆ ರಾಜೀನಾಮೆ ಕೊಟ್ಟು ಜನರ ಮುಂದೆ ಹೋದರು. 1985ರ ಮಾರ್ಚ್‌ನಲ್ಲಿ 139 ಸೀಟು ಬಂತು. ಪಂಚಾಯಿತಿ ಚುನಾವಣೆ ನಡೆದದ್ದು, ಲೋಕಾಯುಕ್ತ ಕೆಲಸ ಶುರು ಮಾಡಿದ್ದು ಆಮೇಲೆ, ಬಹುಮತದ ಕಾಲದಲ್ಲಿ. ಅದನ್ನು ಮುಚ್ಚಿಡುವುದಿಲ್ಲ. ಬಿತ್ತಿದ್ದು ಅಲ್ಪಮತದಲ್ಲಿ, ತೆನೆ ಬಂದದ್ದು ಬಹುಮತದಲ್ಲಿ.

ಆ ಲೋಕಾಯುಕ್ತ ಮುಂದೆ ಬಳ್ಳಾರಿಗೆ ಬಂತು. 2011ರ ಜುಲೈನಲ್ಲಿ ನ್ಯಾಯಮೂರ್ತಿ ಸಂತೋಷ್ ಹೆಗ್ಡೆ ಕೊಟ್ಟ ಅಕ್ರಮ ಗಣಿಗಾರಿಕೆಯ ವರದಿ 16 ಸಾವಿರ ಕೋಟಿ ರೂಪಾಯಿಗೂ ಜಾಸ್ತಿ ನಷ್ಟದ ಲೆಕ್ಕ ಇಟ್ಟಿತು. ಆಗಿನ ಮುಖ್ಯಮಂತ್ರಿ ಅದೇ ತಿಂಗಳ ಕೊನೆಗೆ ರಾಜೀನಾಮೆ ಕೊಟ್ಟರು. ಕೆಂಪು ದೂಳಿನಲ್ಲಿ ಹಗಲಿರುಳು ಲಾರಿ ಎಣಿಸುತ್ತಿದ್ದ ಸಂಡೂರು, ಹೊಸಪೇಟೆ ರಸ್ತೆಯವರಿಗೆ ಆ ದಿನಗಳು ಚೆನ್ನಾಗಿ ಗೊತ್ತು. 2016ರಲ್ಲಿ ಆ ಲೋಕಾಯುಕ್ತದ ಹಲ್ಲು ಕಿತ್ತು ಎಸಿಬಿ (ಭ್ರಷ್ಟಾಚಾರ ನಿಗ್ರಹ ದಳ) ಅಂತ ಇನ್ನೊಂದನ್ನು ಮಾಡಿದ್ದು ಪೂರ್ತಿ ಬಹುಮತದ ಸರ್ಕಾರ. 2022ರಲ್ಲಿ ಹೈಕೋರ್ಟ್ ಅದನ್ನು ರದ್ದು ಮಾಡಬೇಕಾಯಿತು.

ಪಂಚಾಯಿತಿಯ ಕಥೆ ದೆಹಲಿಯಲ್ಲಿ ಇನ್ನೂ ಚೆನ್ನಾಗಿದೆ. ರಾಜೀವ್ ಗಾಂಧಿಯವರಿಗೆ ಲೋಕಸಭೆಯಲ್ಲಿ 400ಕ್ಕೂ ಜಾಸ್ತಿ ಸ್ಥಾನ ಇತ್ತು. ಪಂಚಾಯಿತಿಗಳಿಗೆ ಸಂವಿಧಾನದ ಬಲ ಕೊಡುವ ಅವರ ಮಸೂದೆ 1989ರಲ್ಲಿ ರಾಜ್ಯಸಭೆಯಲ್ಲಿ ಬಿದ್ದುಹೋಯಿತು. ರಾಜ್ಯಗಳನ್ನು ದಾಟಿ ದೆಹಲಿಯೇ ಹಳ್ಳಿಗೆ ಕೈ ಹಾಕುತ್ತಿದೆ ಎಂಬ ಅನುಮಾನ ವಿರೋಧಿಗಳಿಗಿತ್ತು. 1991ರಲ್ಲಿ ಬಂದ ನರಸಿಂಹ ರಾವ್ ಅವರಿಗೆ ಇದ್ದದ್ದು 230 ಚಿಲ್ಲರೆ. ಅದೇ ಕೆಲಸವನ್ನು ಅವರು ಸಂಸತ್ತಿನ ಜಂಟಿ ಸಮಿತಿಗೆ ಕಳಿಸಿ, ಎಲ್ಲರ ಮಾತು ಕೇಳಿಸಿ, 1992ರ ಡಿಸೆಂಬರ್‌ನಲ್ಲಿ ಪಾಸು ಮಾಡಿಸಿದರು. ಅದೇ 73ನೇ ತಿದ್ದುಪಡಿ. 400ಕ್ಕೆ ಆಗದ್ದು 230ಕ್ಕೆ ಆಯಿತು.

1991ರ ಜುಲೈನ ಬಜೆಟ್, ಲೈಸೆನ್ಸ್ ಪದ್ಧತಿಯ ಅಂತ್ಯ ಕೂಡ ಇದೇ ಅಲ್ಪಮತ ಸರ್ಕಾರದ್ದು. ಅದರ ಒಳಿತು ಕೆಡುಕಿನ ಜಗಳ ಬೇರೆ. ಸರ್ಕಾರ ಉಳಿದದ್ದು ಯಾಕೆ ಅನ್ನುವುದು ಇಲ್ಲಿನ ಪ್ರಶ್ನೆ. ಬಿಜೆಪಿ ಒಂದು ದಂಡೆ, ಜನತಾದಳ ಮತ್ತು ಎಡಪಕ್ಷಗಳು ಇನ್ನೊಂದು ದಂಡೆ. ಇಬ್ಬರೂ ಪೂರ್ತಿ ಸೇರಿದರೆ ಸರ್ಕಾರ ಬೀಳಬಹುದಿತ್ತು. ಆದರೆ ಅವರು ಸೇರುವುದು ಸುಲಭ ಇರಲಿಲ್ಲ. ಎರಡೇ ವರ್ಷಕ್ಕೆ ಮತ್ತೆ ಚುನಾವಣೆ ಯಾರಿಗೂ ಬೇಕಿರಲಿಲ್ಲ.

ಚೌಕಾಸಿಯಲ್ಲಿ ಬೆಳೆದ ಕಾನೂನು

ಮೂರನೆಯದು ಖಾತ್ರಿ ಕೆಲಸದ ಕಥೆ. 2004ರ ಯುಪಿಎ ಸರ್ಕಾರ 60ರ ಆಸುಪಾಸಿನ ಎಡಪಕ್ಷದ ಸಂಸದರ ಹೊರಗಿನ ಬೆಂಬಲದಲ್ಲಿ ನಿಂತಿತ್ತು. ಬೆಂಬಲಕ್ಕೆ ಒಂದು ಬರವಣಿಗೆ ಇತ್ತು. ಕನಿಷ್ಠ ಸಾಮಾನ್ಯ ಕಾರ್ಯಕ್ರಮ ಅಂತ ಹೆಸರು. ಯಾರು ಬೇಕಾದರೂ ಓದಬಹುದಿತ್ತು. ಆ ವರ್ಷದ ಡಿಸೆಂಬರ್‌ನಲ್ಲಿ ಮಂಡನೆಯಾದ ಉದ್ಯೋಗ ಖಾತ್ರಿ ಮಸೂದೆ ಬಡತನ ರೇಖೆಯ ಕೆಳಗಿನವರಿಗೆ ಮಾತ್ರ ಅನ್ನುತ್ತಿತ್ತು. ಸ್ಥಾಯಿ ಸಮಿತಿ ಅದನ್ನು ಒಪ್ಪಲಿಲ್ಲ. ಆ ಸಮಿತಿಯ ಅಧ್ಯಕ್ಷರು ಬಿಜೆಪಿಯ ಕಲ್ಯಾಣ್ ಸಿಂಗ್! ಹೊರಗಿನಿಂದ ಎಡಪಕ್ಷಗಳೂ ಒತ್ತಿದವು. 2005ರಲ್ಲಿ ಕಾಯ್ದೆಯಾಗಿ ಬರುವಷ್ಟರಲ್ಲಿ ಅದು ಹಳ್ಳಿಯ ಯಾವ ಕುಟುಂಬವಾದರೂ ಕೆಲಸ ಕೇಳಬಹುದಾದ ಕಾನೂನಾಗಿತ್ತು. ಮಾಹಿತಿ ಹಕ್ಕು ಕಾಯ್ದೆಯೂ ಅದೇ ವರ್ಷದ್ದು.

2006ರ ಫೆಬ್ರವರಿಯಲ್ಲಿ ಮೊದಲು ಶುರುವಾದ 200 ಜಿಲ್ಲೆಗಳಲ್ಲಿ ರಾಯಚೂರು ಇತ್ತು. ಬಳ್ಳಾರಿ, ಕೊಪ್ಪಳ ಆಮೇಲೆ ಸೇರಿದವು. ಬಡತನ ರೇಖೆಯ ಮಾತು ಇಲ್ಲಿ ಯಾಕೆ ಮುಖ್ಯ ಅಂದರೆ, ಗುಳೆ ಹೋಗುವ ಮನೆಗಳಲ್ಲಿ ಎಷ್ಟೋ ಮನೆಗೆ ಸರಿಯಾದ ಕಾರ್ಡ್ ಇರುವುದಿಲ್ಲ. ಹಬ್ಬ ಮುಗಿದ ಮೇಲೆ ಮನೆಗೆ ಬೀಗ ಹಾಕಿ ಬೆಂಗಳೂರು, ಪುಣೆ ಬಸ್ಸು ಹತ್ತಿದವರು ಸರ್ವೆ ಮಾಡುವವರು ಬಂದಾಗ ಊರಲ್ಲಿ ಎಲ್ಲಿರುತ್ತಾರೆ? ಮೊದಲ ಕರಡು ಹಾಗೇ ಪಾಸಾಗಿದ್ದರೆ, ಯಾರಿಗೆ ಜಾಸ್ತಿ ಬೇಕಿತ್ತೋ ಅವರೇ ಹೊರಗೆ ಉಳಿಯುತ್ತಿದ್ದರು.

ಇದಕ್ಕೆ ಎದುರಿನ ಚಿತ್ರ 2020ರ ಮೂರು ಕೃಷಿ ಕಾಯ್ದೆಗಳದ್ದು. ಬಿಜೆಪಿ ಒಂದಕ್ಕೇ 303 ಸ್ಥಾನ ಇತ್ತು. ಸಮಿತಿಗೆ ಕಳಿಸಲಿಲ್ಲ. ರಾಜ್ಯಸಭೆಯಲ್ಲಿ ಗದ್ದಲದ ನಡುವೆ ಧ್ವನಿಮತದಲ್ಲಿ ಪಾಸಾದವು. ಒಂದು ವರ್ಷಕ್ಕೂ ಜಾಸ್ತಿ ರೈತರು ದೆಹಲಿಯ ಗಡಿಯಲ್ಲಿ ಕೂತರು. 2021ರ ನವೆಂಬರ್‌ನಲ್ಲಿ ಮೂರನ್ನೂ ವಾಪಸ್ ತೆಗೆದುಕೊಂಡರು. ಸದನದ ಒಳಗೆ ಉಳಿಸಿದ ಒಂದು ತಿಂಗಳಿಗೆ ರಸ್ತೆಯ ಮೇಲೆ ಒಂದು ವರ್ಷ ಹೋಯಿತು. ಆ ಕಾಯ್ದೆ ಸರಿಯೋ ತಪ್ಪೋ ಎಂಬ ವಾದ ಬಿಡಿ. ಮತ ಎಣಿಸಿ ನೋಡಬೇಕಾದ ಸರ್ಕಾರವಾಗಿದ್ದರೆ ರೈತರ ಸಿಟ್ಟು ಮೊದಲೇ ಕಿವಿಗೆ ಬೀಳುತ್ತಿತ್ತು.

ಸಮಿತಿಗಳ ಲೆಕ್ಕವೂ ಇದನ್ನೇ ಹೇಳುತ್ತದೆ. 14ನೇ ಲೋಕಸಭೆಯಲ್ಲಿ ನೂರಕ್ಕೆ 60 ಮಸೂದೆ, 15ನೆಯದರಲ್ಲಿ 71 ಮಸೂದೆ ಸಮಿತಿಗಳ ಕಣ್ಣಿಗೆ ಬಿದ್ದವು. ಎರಡೂ ಯುಪಿಎ ಕಾಲ, ಯಾವ ಪಕ್ಷಕ್ಕೂ ಒಂಟಿ ಬಹುಮತ ಇರಲಿಲ್ಲ. 17ನೇ ಲೋಕಸಭೆಯಲ್ಲಿ ಅದು 16ಕ್ಕೆ ಇಳಿಯಿತು.

ಬೀಳುವ ಸರ್ಕಾರ, ಬೀಳದ ಸರ್ಕಾರ

ಹಾಗಾದರೆ ಚರಣ್ ಸಿಂಗ್, ಚಂದ್ರಶೇಖರ್, ನಮ್ಮ ದೇವೇಗೌಡರು? ಇವರ ಸರ್ಕಾರಗಳು ವರ್ಷ ತುಂಬುವುದರೊಳಗೆ ಬಿದ್ದವು. ಅಲ್ಪಮತ ಅಂದ ಕೂಡಲೇ ಜನರಿಗೆ ನೆನಪಾಗುವುದು ಇದೇ. ದೇವೇಗೌಡರು 1996ರ ಜೂನ್‌ನಿಂದ 1997ರ ಏಪ್ರಿಲ್‌ವರೆಗೆ ಇದ್ದರು. ಆ ಹತ್ತೂವರೆ ತಿಂಗಳಲ್ಲೇ ಬಾಂಗ್ಲಾದೇಶದ ಜೊತೆ 30 ವರ್ಷದ ಗಂಗಾ ನೀರಿನ ಒಪ್ಪಂದ ಆಯಿತು. ಅರ್ಧಕ್ಕೆ ನಿಂತ ನೀರಾವರಿ ಯೋಜನೆಗಳಿಗೆ ಕೇಂದ್ರದ ದುಡ್ಡು ಕೊಡುವ ಕಾರ್ಯಕ್ರಮವೂ ಶುರುವಾಯಿತು. ಆಮೇಲೆ ಕಾಂಗ್ರೆಸ್ ಕೈ ಬಿಟ್ಟಿತು, ಮುಗಿಯಿತು.

ಇವುಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಒಂದು ವಿಷಯ ಕಾಣುತ್ತದೆ. ಬೆಂಬಲ ಕೊಡುವವರು ಬೆಂಬಲ ಪಡೆಯುವವರಿಗಿಂತ ದೊಡ್ಡವರಾಗಿದ್ದಾಗ ಸರ್ಕಾರ ಬೇಗ ಬಿದ್ದಿದೆ. ಆ ಮೂವರ ಹಿಂದೆಯೂ ಇದ್ದದ್ದು ಕಾಂಗ್ರೆಸ್; ಚಂದ್ರಶೇಖರ್, ದೇವೇಗೌಡರ ಪಕ್ಷಗಳಿಗಿಂತ ಅದು ಎಷ್ಟೋ ದೊಡ್ಡದು. ಆನೆಯ ಬೆನ್ನ ಮೇಲೆ ಕೂತವನಿಗೆ ಆನೆ ಎತ್ತ ಹೋದರೆ ಅತ್ತಲೇ ದಾರಿ. ಸದನದ ದೊಡ್ಡ ಪಕ್ಷವೇ ಅಲ್ಪಮತದಲ್ಲಿ ಆಳಿದಾಗ, ಅಂದರೆ ಹೆಗಡೆ, ರಾವ್, ಮನಮೋಹನ್ ಸಿಂಗ್ ಕಾಲದಲ್ಲಿ, ಜಾಸ್ತಿ ಬಾಳಿದೆ. ಇದು ಗಟ್ಟಿ ನಿಯಮವೇನಲ್ಲ. 2018ರ ಮೇನಲ್ಲಿ 104 ಸೀಟಿನ ದೊಡ್ಡ ಪಕ್ಷದ ಸರ್ಕಾರ ಮೂರೇ ದಿನ ಇತ್ತು. ಆದರೂ ಮುಂದಿನ ಸಲ ಅತಂತ್ರ ವಿಧಾನಸಭೆ ಬಂದಾಗ ಈ ಅಳತೆ ಇಟ್ಟು ನೋಡಿ.

ಹರಾಜಿನ ಮಾತಿಗೆ ಬರೋಣ. ನರಸಿಂಹ ರಾವ್ ಸರ್ಕಾರ 1993ರ ಜುಲೈನಲ್ಲಿ ಅವಿಶ್ವಾಸವನ್ನು 265ಕ್ಕೆ 251 ಮತದಲ್ಲಿ ಗೆದ್ದಿತು. ಆ ಮತಗಳ ಹಿಂದೆ ಜಾರ್ಖಂಡ್ ಮುಕ್ತಿ ಮೋರ್ಚಾ ಸಂಸದರಿಗೆ ಲಂಚ ಹೋಗಿತ್ತು ಎಂಬ ಪ್ರಕರಣ ಕೋರ್ಟಿಗೆ ಹೋಯಿತು. ದುಡ್ಡು ತೆಗೆದುಕೊಂಡು ಮತ ಹಾಕಿದ ಸದಸ್ಯನಿಗೂ ರಕ್ಷಣೆ ಇದೆ ಅಂತ 1998ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅದು ತಪ್ಪು ಅಂತ ಏಳು ನ್ಯಾಯಮೂರ್ತಿಗಳ ಪೀಠ ಹೇಳಿದ್ದು 2024ರ ಮಾರ್ಚ್‌ನಲ್ಲಿ. 26 ವರ್ಷ ಬೇಕಾಯಿತು.

ನಮ್ಮಲ್ಲಿ ಇದಕ್ಕೆ ಹೆಸರೇ ಇದೆ. 2008ರಲ್ಲಿ ಬಿಜೆಪಿಗೆ 110 ಸೀಟು ಬಂತು. ಮೂರು ಕಡಿಮೆ. ಪಕ್ಷೇತರರು ಬೆಂಬಲ ಕೊಟ್ಟು ಮಂತ್ರಿಗಳಾದರು. ಅಲ್ಲಿಗೇ ನಿಲ್ಲಲಿಲ್ಲ. ಬೇರೆ ಪಕ್ಷದ ಶಾಸಕರು ರಾಜೀನಾಮೆ ಕೊಟ್ಟು ಹೊಸ ಚಿಹ್ನೆಯಲ್ಲಿ ಉಪಚುನಾವಣೆಗೆ ನಿಂತರು. 'ಆಪರೇಷನ್ ಕಮಲ' ಅಂತ ಹೆಸರು ಬಿತ್ತು. ಆ ದಿನಗಳಲ್ಲಿ ಬಳ್ಳಾರಿಯ ಗಣಿ ದುಡ್ಡಿನ ಮಾತಿಲ್ಲದೆ ರಾಜ್ಯದ ರಾಜಕೀಯದ ಮಾತೇ ಇರಲಿಲ್ಲ. 2019ರ ಜನವರಿಯಲ್ಲಂತೂ ರೆಸಾರ್ಟಿನಲ್ಲಿ ಕೂಡಿ ಹಾಕಿದ್ದ ಶಾಸಕರ ಪೈಕಿ ಬಳ್ಳಾರಿ ಜಿಲ್ಲೆಯ ಇಬ್ಬರು, ಒಂದೇ ಪಕ್ಷದವರು, ಹೊಡೆದಾಡಿಕೊಂಡು ಒಬ್ಬರು ಆಸ್ಪತ್ರೆ ಸೇರಿದರು. ನಗಬೇಕೋ ಅಳಬೇಕೋ ತಿಳಿಯದ ದಿನಗಳು.

ಆದರೆ ಗಮನಿಸಿ. 2008ರ ಆ ಸರ್ಕಾರ ಕೆಟ್ಟ ಹೆಸರು ತೆಗೆದುಕೊಂಡದ್ದು 110ರಲ್ಲಿ ನಿಂತದ್ದಕ್ಕಲ್ಲ. 110ರಲ್ಲಿ ನಿಲ್ಲಲು ಒಪ್ಪದೆ, ಹೇಗಾದರೂ 113 ದಾಟಲು ಹೊರಟದ್ದಕ್ಕೆ. 110 ಇಟ್ಟುಕೊಂಡು, ಇಂಥ ಮಸೂದೆಗೆ ಇಂಥವರ ಬೆಂಬಲ ಅಂತ ಕೇಳಿ ನಡೆಸಬಹುದಿತ್ತು. ಅದು ನಾಚಿಕೆ ಪಡುವ ವಿಷಯವೇ ಅಲ್ಲ ಅಂತ ಯಾರಿಗೂ ಅನಿಸಲಿಲ್ಲ.

ಅನಿಸುವ ದೇಶಗಳಿವೆ. ಡೆನ್ಮಾರ್ಕಿನಲ್ಲಿ 1909ರಿಂದ ಈಚೆಗೆ ಯಾವ ಪಕ್ಷಕ್ಕೂ ಒಂಟಿಯಾಗಿ ಬಹುಮತ ಬಂದಿಲ್ಲ. ಅಲ್ಲಿ ಸರ್ಕಾರ 'ನನಗೆ ಬಹುಮತ ಇದೆ' ಅಂತ ತೋರಿಸಬೇಕಿಲ್ಲ, 'ನನ್ನ ವಿರುದ್ಧ ಬಹುಮತ ಇಲ್ಲ' ಅಂದರೆ ಸಾಕು. ಕೆನಡಾದಲ್ಲಿ ಲೆಸ್ಟರ್ ಪಿಯರ್ಸನ್ 1963ರಿಂದ 1968ರವರೆಗೆ ಒಂದು ದಿನವೂ ಬಹುಮತ ಇಲ್ಲದೆ ಆಳಿದರು. ಎಲ್ಲರಿಗೂ ಸರ್ಕಾರಿ ಆರೋಗ್ಯ ವಿಮೆ, ಪಿಂಚಣಿ ಯೋಜನೆ, ದೇಶದ ಈಗಿನ ಬಾವುಟ ಎಲ್ಲ ಆ ಐದು ವರ್ಷದವು.

ಇದನ್ನೆಲ್ಲ ಈಗ ಯಾಕೆ ಮಾತಾಡಬೇಕು ಅಂದರೆ ಒಂದು ದೇಶ ಒಂದು ಚುನಾವಣೆ ಮಸೂದೆ. 2024ರ ಡಿಸೆಂಬರ್ 17ರಂದು ಲೋಕಸಭೆಯಲ್ಲಿ 269ಕ್ಕೆ 198 ಮತದಲ್ಲಿ ಮಂಡನೆಯಾಗಿ ಜಂಟಿ ಸಮಿತಿಗೆ ಹೋಯಿತು. ಅದರ ಪ್ರಕಾರ ಸದನ ನಡುವೆ ವಿಸರ್ಜನೆಯಾದರೆ ಹೊಸ ಚುನಾವಣೆ ಉಳಿದ ಅವಧಿಗೆ ಮಾತ್ರ. ಇದರಿಂದ ಸ್ಥಿರತೆ ಬರುತ್ತದೆ ಅನ್ನುತ್ತಾರೆ. ನನಗೆ ಕಾಣುವುದು ಬೇರೆ. ಒಂದೂವರೆ ವರ್ಷಕ್ಕಾಗಿ ಕೋಟಿಗಟ್ಟಲೆ ಸುರಿದು ಚುನಾವಣೆಗೆ ಹೋಗಲು ಯಾವ ಶಾಸಕ ಒಪ್ಪುತ್ತಾನೆ? ಇದ್ದ ಸದನದಲ್ಲೇ ಹೇಗೋ ಸರ್ಕಾರ ನಡೆಸಬೇಕಾಗುತ್ತದೆ. ನಾರ್ವೆಯಲ್ಲಿ ಸಂಸತ್ತನ್ನು ನಾಲ್ಕು ವರ್ಷದ ನಡುವೆ ವಿಸರ್ಜಿಸುವ ಹಾಗೇ ಇಲ್ಲ. ಅಲ್ಪಮತ ಸರ್ಕಾರ ಅಲ್ಲಿ ದಿನದ ಮಾತು. ಚುನಾವಣೆಯ ದಾರಿ ಮುಚ್ಚಿದಷ್ಟೂ ಅಲ್ಪಮತವನ್ನು ನಡೆಸುವ ಹದ ಕಲಿಯಲೇಬೇಕು. ಕಲಿಯದಿದ್ದರೆ ಉಳಿಯುವುದು ರೆಸಾರ್ಟು.

ಕಲಿಯಲು ಅಡ್ಡ ಬರುವುದು ನಮ್ಮ ಪಕ್ಷಾಂತರ ಕಾಯ್ದೆಯೇ. 1985ರಲ್ಲಿ ಬಂದ ಆ ಕಾಯ್ದೆ ಪ್ರತಿ ಮತಕ್ಕೂ ವಿಪ್ (ಹೀಗೇ ಮತ ಹಾಕಬೇಕು ಎಂಬ ಪಕ್ಷದ ಆದೇಶ) ಹಾಕಲು ಬಿಡುತ್ತದೆ. ಬೇರೆ ಪಕ್ಷದ ಒಳ್ಳೆಯ ಮಸೂದೆಗೆ ಒಬ್ಬ ಶಾಸಕ ಕೈ ಎತ್ತಿದರೆ ಸ್ಥಾನ ಹೋಗಬಹುದು. ರಾಜೀನಾಮೆ ಕೊಟ್ಟು, ಚಿಹ್ನೆ ಬದಲಿಸಿ, ಮತ್ತೆ ನಿಂತರೆ ಮಂತ್ರಿಯಾಗಬಹುದು. ಮಸೂದೆಗೆ ಬೆಂಬಲ ಕೊಡುವುದು ಕಷ್ಟ, ಪೂರ್ತಿ ಮಾರಾಟವಾಗುವುದು ಸುಲಭ. ವಿಪ್ಪಿನ ಶಿಕ್ಷೆ ವಿಶ್ವಾಸಮತದಂಥ ಕಡೆ ಮಾತ್ರ ಇರಲಿ ಅಂತ ದಿನೇಶ್ ಗೋಸ್ವಾಮಿ ಸಮಿತಿ 1990ರಲ್ಲೇ ಹೇಳಿತ್ತು. ಆ ಸಮಿತಿಯನ್ನು ಮಾಡಿದ್ದೂ ಒಂದು ಅಲ್ಪಮತ ಸರ್ಕಾರವೇ, ವಿ.ಪಿ. ಸಿಂಗ್ ಅವರದ್ದು.

ಸಾಲಿನಲ್ಲಿ ನಿಂತಿದ್ದ ಮಸ್ಕಿಯವರಿಗೆ ನಾನು ಇಷ್ಟೆಲ್ಲ ಹೇಳಲಿಲ್ಲ. 2019ರ ಮಾತು ಕೇಳಿದೆ ಅಷ್ಟೇ. ಆ ವರ್ಷ ಸಮ್ಮಿಶ್ರ ಸರ್ಕಾರವನ್ನು ಬೀಳಿಸಿದ ಶಾಸಕರಲ್ಲಿ ಮಸ್ಕಿಯವರೂ ಇದ್ದರು. ಪಕ್ಷ ಬದಲಿಸಿ 2021ರ ಉಪಚುನಾವಣೆಗೆ ನಿಂತು ದೊಡ್ಡ ಅಂತರದಲ್ಲಿ ಸೋತರು. ಆಗ ಅಲ್ಲಿನ ರೈತರು ನಾರಾಯಣಪುರ ಬಲದಂಡೆಯ 5ಎ ನಾಲೆಗಾಗಿ ಪಾಮನಕಲ್ಲೂರಿನಲ್ಲಿ ತಿಂಗಳುಗಟ್ಟಲೆ ಧರಣಿ ಕೂತಿದ್ದರು.

"ಅಲ್ರೀ," ಅಂದೆ, "ಅವರು 'ನಾಲೆ ಮಾಡಿಕೊಡ್ರಿ, ಅಷ್ಟು ಬರೆದು ಕೊಟ್ರೆ ನಿಮ್ಮ ಸರ್ಕಾರಕ್ಕೆ ಕೈ ಎತ್ತೀನಿ' ಅಂತ ಪೇಪರಿನಲ್ಲಿ ಹಾಕಿ ಹೋಗಿದ್ರೆ?"

ಅವರು ಕವರನ್ನು ಇನ್ನೊಂದು ಕಂಕುಳಿಗೆ ಬದಲಿಸಿದರು. "ಹಂಗ ಹೋಗಿದ್ರ ನಾವ ಹಾರ ಹಾಕಿ ಕಳಸ್ತಿದ್ವಿ ಸರ," ಅಂದರು. "ಅವರು ನಮಗ ಹೇಳ್ಲಾರದ ಹೋದ್ರಲ್ರಿ."

ಅಷ್ಟರಲ್ಲಿ ಕಿಟಕಿ ತೆರೆಯಿತು. ಮಗನ ವ್ಯಾಸಂಗ ಪ್ರಮಾಣಪತ್ರದಲ್ಲಿ ಒಂದು ವರ್ಷದ್ದು ಇಲ್ಲ ಅಂತ ಅವರನ್ನು ವಾಪಸ್ ಕಳಿಸಿದರು.